ಕಡಲೆಯ ಹಿಟ್ಟು: ವೈದ್ಯಶಾಸ್ತ್ರ ಮತ್ತು ಶ್ರಾವಕಾಚಾರ

ಮಲಪ್ರಭೆಯ ತೀರದ ಈ ನಾಡು ಜೈನಧರ್ಮದ ಪ್ರಾಚೀನ ನೆಲೆಗಳಲ್ಲೊಂದು. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಜಿನಾಲಯವನ್ನು ಕವಿ ರವಿಕೀರ್ತಿಯು ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿ.ಶ. ೬೩೪ರಲ್ಲಿ, ಕಟ್ಟಿಸಿದನು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ತೀರ್ಥಂಕರರ ಬಿಂಬಗಳು ಇಂದಿಗೂ ದರ್ಶನವೀಯುತ್ತಿವೆ. ಕಲ್ಲಿನಲ್ಲಿ ಉಳಿದ ಈ ಇತಿಹಾಸವು ಸರ್ವವಿದಿತ. ಅಡಿಗೆಮನೆಯಲ್ಲಿ ಉಳಿದುಬಂದ ಇತಿಹಾಸವೂ ಒಂದುಂಟು. ಕಡಲೆಯ ಹಿಟ್ಟು ಅದಕ್ಕೊಂದು ನಿದರ್ಶನ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಎರೆಭೂಮಿಯಲ್ಲಿ ಕಡಲೆಯು ಹಿಂಗಾರಿ ಬೆಳೆ. ಮಳೆ ಹಿಂದೆಗೆದ ಮೇಲೆ ನೆಲದಲ್ಲುಳಿದ ತೇವದಿಂದಲೇ ಅದು ಬೆಳೆಯುತ್ತದೆ. ಜೋಳದ ರೊಟ್ಟಿಗೆ ಝುಣಕವು ಜೊತೆಯಾದುದು ಈ ನೆಲದ ಗುಣದಿಂದ.

ಚರಕಸಂಹಿತೆಯ ಸೂತ್ರಸ್ಥಾನವು 'ಚಣಕ'ವನ್ನು ಲಘುವೂ ಶೀತವೂ ಮಧುರ-ಕಷಾಯರಸವುಳ್ಳದ್ದೂ ರೂಕ್ಷವೂ ಎಂದು ವರ್ಣಿಸಿ, ಪಿತ್ತಕಫಗಳಲ್ಲಿ ಸೂಪಕ್ಕೂ ಲೇಪಕ್ಕೂ ಪ್ರಶಸ್ತವೆನ್ನುತ್ತದೆ. ಮೈಗೆ ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಿಸುವ ರೂಢಿ ಈ ಮಾತಿಗೆ ಹೊಂದುತ್ತದೆ. ರೂಕ್ಷ ಪದಾರ್ಥವು ವಾತವನ್ನು ಕೆರಳಿಸುವುದರಿಂದ ಎಣ್ಣೆ, ಇಂಗು, ಜೀರಿಗೆ, ಓಮಗಳು ಅದಕ್ಕೆ ಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ತ್ಯಜಿಸಿದ ಶ್ರಾವಕರ ಝುಣಕಕ್ಕೆ ರುಚಿಯೂ ಹಿತವೂ ಇವುಗಳಿಂದಲೇ.

ಆಹಾರದಲ್ಲಿ ಅಹಿಂಸೆಯನ್ನು ವೈದ್ಯಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಉಗ್ರಾದಿತ್ಯಾಚಾರ್ಯರು. ಅವರ 'ಕಲ್ಯಾಣಕಾರಕ'ದ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದ ವಾದ. ೧೯೪೦ರಲ್ಲಿ ಈ ಗ್ರಂಥವು ಸೊಲ್ಲಾಪುರದಿಂದ ಪ್ರಕಟವಾಯಿತು. ೧೬ನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ದಲ್ಲಿ ಹಿಟ್ಟಿನ ಅಡಿಗೆಗಳಿಗಾಗಿಯೇ ಪಿಷ್ಟಪಾಕದ ಅಧ್ಯಾಯವನ್ನು ರಚಿಸಿದನು.

ಆದರೆ ವೈದ್ಯನು ಹಿತವೆಂದುದೆಲ್ಲ ಶ್ರಾವಕನಿಗೆ ಹಾಗೆಯೇ ಗ್ರಾಹ್ಯವಲ್ಲ. ೧೩ನೆಯ ಶತಮಾನದ ಪಂಡಿತ ಆಶಾಧರರ 'ಸಾಗಾರಧರ್ಮಾಮೃತ'ವು ಹಸಿಯ ಹಾಲು ಮೊಸರುಗಳೊಡನೆ ಬೆರೆತ ದ್ವಿದಳವನ್ನೂ, ಮಳೆಗಾಲದಲ್ಲಿ ಒಡೆಯದ ಇಡಿಯ ಕಾಳನ್ನೂ ನಿಷೇಧಿಸುತ್ತದೆ. ಎರಡಕ್ಕೂ ಕಾರಣ ಸೂಕ್ಷ್ಮಜೀವಿಗಳ ರಕ್ಷಣೆ. ಕಾಯಿಸದ ಮಜ್ಜಿಗೆಗೆ ಕಡಲೆಹಿಟ್ಟು ಕದಡಿ ಪಳದ್ಯ ಮಾಡುವುದು ಈ ನಿಯಮಕ್ಕೆ ವಿರುದ್ಧ. ಹಿಟ್ಟಿಗೂ ಮರ್ಯಾದೆಯುಂಟು: ಮಳೆಗಾಲದಲ್ಲಿ ೩ ದಿನ, ಬೇಸಿಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ತೇವ ಹೆಚ್ಚಿದಷ್ಟೂ ಹುಳು ಬೇಗ ಹುಟ್ಟುವುದೆಂಬ ಅನುಭವವೇ ಈ ಲೆಕ್ಕದ ಹಿಂದಿದೆ.

ಮನೆಯ ಬೀಸುಕಲ್ಲು ತಿರುಗುತ್ತಿದ್ದ ಕಾಲದಲ್ಲಿ ಈ ಮರ್ಯಾದೆ ಕಠಿಣವೆನಿಸಲಿಲ್ಲ; ಬೇಕಾದಷ್ಟನ್ನೇ ಬೀಸಿಕೊಳ್ಳುತ್ತಿದ್ದರು. ಈಗ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ, ಅದರ ಮೇಲೆ ತಿಂಗಳುಗಳ ಅವಧಿ ಅಚ್ಚಾಗಿರುತ್ತದೆ. ಮೂರು, ಐದು, ಏಳರ ಎಣಿಕೆ ಹಿರಿಯರ ಬಾಯಲ್ಲಿ ಮಾತ್ರ ಉಳಿಯುವ ಭಯವಿದೆ. ಕಡಲೆಬೇಳೆಯನ್ನು ತಂದು, ಆರಿಸಿ, ವಾರಕ್ಕೆ ಸಾಲುವಷ್ಟನ್ನೋ ಅದಕ್ಕೂ ಕಡಿಮೆಯನ್ನೋ ಬೀಸಿಸಿಕೊಳ್ಳುವುದು ಇಂದಿಗೂ ಅಸಾಧ್ಯವಲ್ಲ.

ಬಸದಿಯಲ್ಲಿ ಜಿನಬಿಂಬ ಪ್ರತಿಷ್ಠೆಯಾಗುವುದು ಒಂದು ಶುಭಮುಹೂರ್ತದಲ್ಲಿ. ಅಡಿಗೆಮನೆಯಲ್ಲಿ ಅಹಿಂಸೆಯ ಪ್ರತಿಷ್ಠೆಯಾಗಬೇಕಾದುದು ಪ್ರತಿದಿನ. ಮೊದಲನೆಯದು ಸಾರ್ಥಕವಾಗುವುದು ಎರಡನೆಯದರಿಂದ.