ಮದ್ದಿನ ಋಣ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗನೊಬ್ಬ ಹತ್ತು ದಿನ ತರಗತಿಗೆ ಬರಲಿಲ್ಲ. ವಿಚಾರಿಸಲಾಗಿ, ತಂದೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತೆಂದೂ ಅದರ ವೆಚ್ಚಕ್ಕಾಗಿ ಜೋಡೆತ್ತನ್ನು ಮಾರಿದರೆಂದೂ ತಿಳಿಯಿತು. ರೈತನ ಪ್ರಾಣ ಉಳಿಯಿತು, ಉಳುಮೆ ನಿಂತಿತು. ರೋಗಿ ಬಡವನಾದರೆ ಮದ್ದಿನ ಋಣವನ್ನು ತೀರಿಸತಕ್ಕವರು ಯಾರು? ಈ ಪ್ರಶ್ನೆ ಹೊಸದಲ್ಲ. ನಮ್ಮ ನಾಡು ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ.

ಮೊದಲನೆಯ ಉತ್ತರ ದಾನ. ಜೈನರು ಹೇಳುವ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳೊಡನೆ ಭೈಷಜ್ಯವೂ, ಎಂದರೆ ಔಷಧವೂ, ಸೇರಿದೆ. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಆರೋಗ್ಯ. ಆದರೆ ದಾನಿಗಳಿಲ್ಲದ ಊರಿನ ರೋಗಿಯ ಗತಿಯೇನು?

ಎರಡನೆಯ ಉತ್ತರ ಅರಸೊತ್ತಿಗೆಯದು. 1897ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲನ್ನಿಟ್ಟರು. ಮರುವರ್ಷವೇ ನಗರಕ್ಕೆ ಪ್ಲೇಗು ಬಂದಿತು. ಒಬ್ಬನ ರೋಗ ಊರಿಗೆಲ್ಲ ಸಂಬಂಧಿಸಿದ್ದೆಂಬ ಪಾಠವನ್ನು ಆ ಮಹಾಮಾರಿ ಕಲಿಸಿತು. 1900ರಲ್ಲಿ ಆಸ್ಪತ್ರೆ ತೆರೆಯಿತು. ಅರಮನೆಯ ಕೃಪೆ ದೊಡ್ಡದೇ ಸರಿ; ಕೃಪೆಯನ್ನು ಬೇಡಬಹುದು, ಕೇಳಿ ಪಡೆಯಲಾಗದು.

ಕೇಳಿ ಪಡೆಯತಕ್ಕ ಹಕ್ಕಿನ ಮಾತು ಅನಂತರ ಬಂದಿತು. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಅವರ ಸಮಿತಿ, ಹಣ ಕೊಡಲಾರನೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು 1946ರ ವರದಿಯಲ್ಲಿ ಸಾರಿತು. 1948ರ ಕಾಯಿದೆಯಿಂದ ಕಾರ್ಖಾನೆಯ ಕೆಲಸಗಾರರಿಗೆ ರಾಜ್ಯವಿಮೆ ಒದಗಿತು. ಆದರೆ ಹೊಲದಲ್ಲಿ ದುಡಿಯುವವನಿಗೆ ಸಂಬಳದ ಚೀಟಿ ಎಲ್ಲಿಯದು? 2003ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಈ ಕೊರತೆಯನ್ನು ಕಂಡಿತು. ಸಹಕಾರ ಸಂಘಗಳ ರೈತರು ಆರಂಭದಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರು. ಸರಕಾರವೂ ತನ್ನ ಪಾಲನ್ನು ಕೂಡಿಸಿತು. ಹನಿಗೂಡಿ ಹಳ್ಳವಾಯಿತು. 2018ರಿಂದೀಚೆಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹವಾದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ಚಿಕಿತ್ಸೆಗೆ ಅವಕಾಶವಾಗಿದೆ.

ಹಾಗಾದರೆ ಆ ಎತ್ತುಗಳು ಮಾರಾಟವಾದುದೇಕೆ? ಹುಡುಗನ ಮನೆಯಲ್ಲಿ ಬಿ.ಪಿ.ಎಲ್. ಕಾರ್ಡು ಇತ್ತು. ಅದನ್ನು ಒಯ್ದು ತೋರಿಸಬೇಕೆಂದು ಅವರಿಗೆ ಹೇಳಿದವರಿರಲಿಲ್ಲ. ಅಕ್ಕಿ ತರುವ ಕಾರ್ಡು ಆಸ್ಪತ್ರೆಯಲ್ಲೇಕೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದರು. ತಿಳಿಯದ ಹಕ್ಕು ಇಲ್ಲದ ಹಕ್ಕಿಗೆ ಸಮಾನ. ಇದನ್ನು ತಿಳಿಸುವುದು ಸರಕಾರದ ಕರ್ತವ್ಯವೇ ಹೌದು. ಆದರೂ ಓದು ಬಲ್ಲವರು ನೆರೆಮನೆಗೆ ಈ ಒಂದು ಮಾತನ್ನು ಮುಟ್ಟಿಸಿದರೆ, ಅದು ಶಾಸ್ತ್ರದಾನವೂ ಆದೀತು, ಭೈಷಜ್ಯದಾನವೂ ಆದೀತು.