ಬೊಲ್ಕೆಸ್ಟೈನ್ ನಿರ್ದೇಶನ: ಗಡಿ ದಾಟಿ ಕೆಲಸ ಮಾಡುವವರಿಗೆ ಯಾವ ದೇಶದ ಕಾನೂನು?

ಒಂದು ಸದಸ್ಯ ದೇಶದ ಕಂಪೆನಿ ಅಥವಾ ಸ್ವಂತ ಉದ್ಯೋಗಿ ಇನ್ನೊಂದು ಸದಸ್ಯ ದೇಶಕ್ಕೆ ಹೋಗಿ ಸೇವೆ ಕೊಡುವುದನ್ನು ಸುಲಭ ಮಾಡಲು ಯುರೋಪಿಯನ್ ಒಕ್ಕೂಟ 2006ರಲ್ಲಿ ತಂದ ಕಾನೂನೇ ‘ಸೇವಾ ನಿರ್ದೇಶನ’. ಇದರ ಕರಡು ಮಂಡಿಸಿದವರು ಆಗ ಆಂತರಿಕ ಮಾರುಕಟ್ಟೆಯ ಆಯುಕ್ತರಾಗಿದ್ದ ನೆದರ್‌ಲ್ಯಾಂಡ್ಸ್‌ನ ಫ್ರಿಟ್ಸ್ ಬೊಲ್ಕೆಸ್ಟೈನ್. ಹಾಗಾಗಿ ಜನರ ಬಾಯಲ್ಲಿ ಅದು ‘ಬೊಲ್ಕೆಸ್ಟೈನ್ ನಿರ್ದೇಶನ’ ಎಂದೇ ಉಳಿಯಿತು. ಕಟ್ಟಡ ಕೆಲಸ, ಪ್ಲಂಬಿಂಗ್, ವಾಸ್ತುಶಿಲ್ಪ, ಪ್ರವಾಸೋದ್ಯಮ, ಅಂಗಡಿ ವ್ಯಾಪಾರ, ಹೋಟೆಲ್ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಹಿನ್ನೆಲೆ

1957ರ ರೋಮ್ ಒಪ್ಪಂದದಲ್ಲಿ ಸರಕು, ಜನ, ಸೇವೆ ಮತ್ತು ಬಂಡವಾಳ ಈ ನಾಲ್ಕೂ ಗಡಿ ದಾಟಿ ಓಡಾಡಬೇಕು ಎಂಬ ಗುರಿ ಇತ್ತು. 1993ರ ಜನವರಿಯಿಂದ ಏಕ ಮಾರುಕಟ್ಟೆ ಜಾರಿಗೆ ಬಂತು. ಸರಕಿನ ಮಟ್ಟಿಗೆ ದಾರಿ ಅದಕ್ಕೂ ಮೊದಲೇ ಸಲೀಸಾಗಿತ್ತು. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಮಾರುವ ವಸ್ತುವನ್ನು ಸಕಾರಣವಿಲ್ಲದೆ ಇನ್ನೊಂದು ದೇಶ ತಡೆಯುವಂತಿಲ್ಲ ಎಂದು ಯುರೋಪಿಯನ್ ನ್ಯಾಯಾಲಯ 1979ರಲ್ಲಿ ಹೇಳಿತ್ತು.

ಸೇವೆಯ ಕಥೆ ಬೇರೆ. ಒಕ್ಕೂಟದ ಆರ್ಥಿಕತೆಯಲ್ಲಿ ಸೇವಾ ವಲಯದ ಪಾಲು ಸುಮಾರು 70 ಶೇಕಡ. ಆದರೂ ಪಕ್ಕದ ದೇಶದಲ್ಲಿ ಒಂದು ಸಣ್ಣ ಕಾಮಗಾರಿ ಹಿಡಿಯಬೇಕಿದ್ದರೆ ಬೇರೆ ಲೈಸೆನ್ಸ್, ಬೇರೆ ನೋಂದಣಿ, ಕೆಲವೆಡೆ ಅಲ್ಲೇ ಒಂದು ಕಚೇರಿ ಕೂಡ ಬೇಕಿತ್ತು. ದೊಡ್ಡ ಕಂಪೆನಿಗಳು ವಕೀಲರನ್ನಿಟ್ಟು ಇದನ್ನೆಲ್ಲ ನಿಭಾಯಿಸುತ್ತಿದ್ದವು. ನಾಲ್ಕೈದು ಜನರ ಸಣ್ಣ ಸಂಸ್ಥೆಗೆ ಅದು ಆಗುವ ಮಾತಲ್ಲ.

ಮೂಲ ಪ್ರಸ್ತಾವ

2004ರ ಜನವರಿಯಲ್ಲಿ ಬಂದ ಕರಡಿನ ತಿರುಳು ‘ಮೂಲ ದೇಶದ ತತ್ವ’. ಅಂದ್ರೆ ಪೋಲೆಂಡ್‌ನ ಕಂಪೆನಿ ಫ್ರಾನ್ಸ್‌ನಲ್ಲಿ ತಾತ್ಕಾಲಿಕವಾಗಿ ಸೇವೆ ಕೊಟ್ಟರೆ, ಅದಕ್ಕೆ ಮುಖ್ಯವಾಗಿ ಅನ್ವಯವಾಗುವುದು ಪೋಲೆಂಡ್‌ನ ನಿಯಮ. ಅದೇ ವರ್ಷ ಮೇ 1ರಂದು ಹತ್ತು ಹೊಸ ದೇಶಗಳು ಒಕ್ಕೂಟ ಸೇರಿದವು. ಅವುಗಳಲ್ಲಿ ಎಂಟು ಮಧ್ಯ ಮತ್ತು ಪೂರ್ವ ಯುರೋಪಿನವು, ಸಂಬಳ ಬಹಳ ಕಡಿಮೆ ಇದ್ದ ದೇಶಗಳು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಈ ದೇಶಗಳ ಕಾರ್ಮಿಕರಿಗೆ ಕೂಡಲೇ ಬಾಗಿಲು ತೆರೆದವು. ಜರ್ಮನಿ, ಆಸ್ಟ್ರಿಯಾ 2011ರವರೆಗೆ ತಡೆ ಇಟ್ಟುಕೊಂಡವು. ಮುಂಬಾಗಿಲಿಗೆ ಬೀಗ ಹಾಕಿ, ಸೇವೆಯ ಹೆಸರಲ್ಲಿ ಹಿಂಬಾಗಿಲು ತೆರೆದಿಟ್ಟ ಹಾಗಾಗುತ್ತದೆ ಎಂಬುದು ವಿರೋಧಿಗಳ ಆತಂಕವಾಗಿತ್ತು.

ಎರಡೂ ಕಡೆಯ ವಾದ

ಪರವಾಗಿದ್ದವರು ಹೇಳಿದ್ದು: ಪೈಪೋಟಿ ಬಂದರೆ ಗ್ರಾಹಕರಿಗೆ ದರ ಇಳಿಯುತ್ತದೆ, ಉದ್ಯೋಗ ಹೆಚ್ಚುತ್ತದೆ. ಶ್ರೀಮಂತ ದೇಶಗಳ ಸರಕು ಮತ್ತು ಬಂಡವಾಳ ಪೂರ್ವಕ್ಕೆ ಸಲೀಸಾಗಿ ಹೋಗಬಹುದು ಎಂದಾದರೆ, ಪೂರ್ವದವರ ಕೈಕೆಲಸ ಮಾತ್ರ ಗಡಿಯಲ್ಲಿ ಯಾಕೆ ನಿಲ್ಲಬೇಕು?

ವಿರೋಧಿಸಿದವರು, ಮುಖ್ಯವಾಗಿ ಕಾರ್ಮಿಕ ಸಂಘಗಳು, ಹೇಳಿದ್ದು: ಹೀಗಾದರೆ ನಿಯಮ ಎಲ್ಲಿ ಸಡಿಲವೋ ಕಂಪೆನಿಗಳು ಅಲ್ಲೇ ನೋಂದಣಿ ಮಾಡಿಸಿಕೊಳ್ಳುತ್ತವೆ. ಪಕ್ಕಪಕ್ಕದಲ್ಲಿ ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ಕಾನೂನು ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ದೇಶದಿಂದ ಇನ್ನೊಂದಕ್ಕೆ ‘ಕಳುಹಿಸಲ್ಪಟ್ಟ’ ಕಾರ್ಮಿಕರಿಗೆ ಕೆಲಸ ನಡೆಯುವ ದೇಶದ ಕನಿಷ್ಠ ವೇತನ, ಕೆಲಸದ ಅವಧಿ, ಸುರಕ್ಷತೆಯ ನಿಯಮ ಸಿಗಬೇಕು ಎಂಬ ಕಾನೂನು 1996ರಿಂದಲೇ ಇತ್ತು. ಬೊಲ್ಕೆಸ್ಟೈನ್ ಕರಡು ಅದನ್ನು ರದ್ದು ಮಾಡಿರಲಿಲ್ಲ. ಹಾಗಾಗಿ ‘ಪೋಲೆಂಡ್ ಸಂಬಳಕ್ಕೆ ಪ್ಯಾರಿಸ್‌ನಲ್ಲಿ ದುಡಿಮೆ’ ಎಂಬ ಪ್ರಚಾರ ಪೂರ್ತಿ ಸರಿಯಲ್ಲ. ಆದರೆ ಆತಂಕ ಬರೀ ಸುಳ್ಳೂ ಆಗಿರಲಿಲ್ಲ. ಕೆಲಸ ನಡೆಯುವ ದೇಶ ನೋಂದಣಿ, ಸ್ಥಳೀಯ ಪ್ರತಿನಿಧಿ ಮುಂತಾದವನ್ನು ಕೇಳುವಂತಿಲ್ಲ ಎಂದು ಕರಡು ಹೇಳುತ್ತಿತ್ತು. ಹಕ್ಕು ಕಾಗದದಲ್ಲಿದ್ದು, ತಪಾಸಣೆಗೆ ದಾರಿ ಇಲ್ಲದಿದ್ದರೆ ಏನು ಪ್ರಯೋಜನ? ಜೊತೆಗೆ, ಕೂಲಿಯವನನ್ನೇ ‘ಸ್ವಂತ ಉದ್ಯೋಗಿ’ ಎಂದು ತೋರಿಸಿದರೆ ಅವನಿಗೆ ಆ 1996ರ ರಕ್ಷಣೆಯೂ ಇಲ್ಲ.

‘ಪೋಲಿಷ್ ಪ್ಲಂಬರ್’

ಫ್ರಾನ್ಸ್‌ನಲ್ಲಿ 2005ರ ಮೇ 29ರಂದು ಯುರೋಪಿಯನ್ ಸಂವಿಧಾನದ ಬಗ್ಗೆ ಜನಮತಗಣನೆ ಇತ್ತು. ಸೇವಾ ನಿರ್ದೇಶನ ಅದರ ಭಾಗವಲ್ಲದಿದ್ದರೂ ಪ್ರಚಾರದಲ್ಲಿ ಎರಡೂ ಬೆರೆತುಹೋದವು. ಕಡಿಮೆ ದರಕ್ಕೆ ಬಂದು ಕೆಲಸ ಕಿತ್ತುಕೊಳ್ಳುವ ‘ಪೋಲಿಷ್ ಪ್ಲಂಬರ್’ ಎಲ್ಲರ ಮಾತಿನ ವಸ್ತುವಾದ. ಫ್ರಾನ್ಸ್‌ನ ಸುಮಾರು 55 ಶೇಕಡ ಮತದಾರರು ‘ಬೇಡ’ ಅಂದರು. ಮೂರು ದಿನಗಳ ಬಳಿಕ ನೆದರ್‌ಲ್ಯಾಂಡ್ಸ್ ಕೂಡ ತಿರಸ್ಕರಿಸಿತು. ಪೋಲೆಂಡ್‌ನ ಪ್ರವಾಸೋದ್ಯಮ ಇಲಾಖೆ ಮಾತ್ರ ಸಿಟ್ಟಾಗದೆ, ಒಬ್ಬ ಚಂದದ ಪ್ಲಂಬರ್‌ನ ಪೋಸ್ಟರ್ ಹಾಕಿ, ‘ನಾನು ಪೋಲೆಂಡ್‌ನಲ್ಲೇ ಇರುತ್ತೇನೆ, ನೀವೇ ಬನ್ನಿ’ ಎಂದು ಫ್ರೆಂಚರನ್ನು ಕರೆಯಿತು. ಒಂದು ಇಡೀ ಸಮುದಾಯದ ದುಡಿಯುವವರನ್ನು ಭಯದ ಗುರುತಾಗಿ ಮಾಡುವುದು ಎಷ್ಟು ಸುಲಭ ಅನ್ನೋದಕ್ಕೆ ಈ ಪ್ರಕರಣ ಇಂದಿಗೂ ಉದಾಹರಣೆ.

ರಾಜಿ ಸೂತ್ರ

2006ರ ಫೆಬ್ರವರಿಯಲ್ಲಿ ಯುರೋಪಿಯನ್ ಸಂಸತ್ತು ಕರಡನ್ನು ಬಹಳಷ್ಟು ತಿದ್ದಿತು. ಜರ್ಮನಿಯ ಸೋಶಿಯಲ್ ಡೆಮಾಕ್ರಟ್ ಸದಸ್ಯೆ ಎವೆಲಿನ್ ಗೆಬ್‌ಹಾರ್ಟ್ ಅದರ ವರದಿಗಾರ್ತಿಯಾಗಿದ್ದರು. ‘ಮೂಲ ದೇಶದ ತತ್ವ’ ಹೋಗಿ ‘ಸೇವೆ ನೀಡುವ ಸ್ವಾತಂತ್ರ್ಯ’ ಬಂತು. ಸಾರ್ವಜನಿಕ ವ್ಯವಸ್ಥೆ, ಭದ್ರತೆ, ಆರೋಗ್ಯ, ಪರಿಸರ ಈ ನಾಲ್ಕು ಕಾರಣಗಳಿಗೆ, ತಾರತಮ್ಯವಿಲ್ಲದೆ, ಅಗತ್ಯ ಇದ್ದಷ್ಟೇ ನಿರ್ಬಂಧ ಹಾಕಬಹುದು ಎಂದಾಯಿತು. ಆಸ್ಪತ್ರೆ ಸೇವೆ, ಸಾರಿಗೆ, ತಾತ್ಕಾಲಿಕ ಕಾರ್ಮಿಕರನ್ನು ಒದಗಿಸುವ ಏಜೆನ್ಸಿ, ಖಾಸಗಿ ಭದ್ರತೆ, ಜೂಜು ಮುಂತಾದವು ಹೊರಗುಳಿದವು. ಕಾರ್ಮಿಕ ಕಾನೂನಿಗೆ ಇದು ಕೈಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಲಾಯಿತು. 2006ರ ಡಿಸೆಂಬರ್ 12ರಂದು ಅಂಗೀಕಾರವಾದ ನಿರ್ದೇಶನವನ್ನು 2009ರ ಡಿಸೆಂಬರ್ 28ರೊಳಗೆ ಜಾರಿ ಮಾಡಬೇಕಿತ್ತು. ಅರ್ಜಿಗಳನ್ನೆಲ್ಲ ಆನ್‌ಲೈನ್‌ನಲ್ಲಿ ಒಂದೇ ಕಡೆ ಸಲ್ಲಿಸುವ ‘ಏಕ ಸಂಪರ್ಕ ಕೇಂದ್ರ’ ಬಂದದ್ದು ಇದರಿಂದಲೇ.

ಬಳಿಕದ ಬೆಳವಣಿಗೆ

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸ್ವೀಡನ್‌ನ ವಾಕ್ಸ್‌ಹೋಮ್‌ನಲ್ಲಿ ಶಾಲೆ ದುರಸ್ತಿ ಮಾಡುತ್ತಿದ್ದ ಲಾಟ್ವಿಯಾದ ಕಂಪೆನಿಗೆ ಸ್ಥಳೀಯ ವೇತನ ಒಪ್ಪಂದಕ್ಕೆ ಸಹಿ ಹಾಕಿ ಎಂದು ಅಲ್ಲಿನ ಕಾರ್ಮಿಕ ಸಂಘ ದಿಗ್ಬಂಧನ ಹಾಕಿತ್ತು. 2007ರ ಡಿಸೆಂಬರ್‌ನ ‘ಲಾವಲ್’ ತೀರ್ಪಿನಲ್ಲಿ ಯುರೋಪಿಯನ್ ನ್ಯಾಯಾಲಯ ಆ ದಿಗ್ಬಂಧನ ಸೇವಾ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. ಕಾರ್ಮಿಕ ಸಂಘಗಳ ಅಸಮಾಧಾನ ಹೆಚ್ಚಿತು. ಕೊನೆಗೆ 2018ರಲ್ಲಿ 1996ರ ಕಾನೂನಿಗೆ ತಿದ್ದುಪಡಿ ಬಂತು: ಬರೀ ಕನಿಷ್ಠ ವೇತನ ಅಲ್ಲ, ಕೆಲಸ ನಡೆಯುವ ದೇಶದ ಕಾನೂನಿನಲ್ಲಿ ಕಡ್ಡಾಯವಾಗಿರುವ ಇಡೀ ಸಂಬಳ, ಭತ್ತೆ ಸಿಗಬೇಕು. 12 ತಿಂಗಳು (ಕಾರಣ ಕೊಟ್ಟರೆ 18) ದಾಟಿದರೆ ಅಲ್ಲಿನ ಕಾರ್ಮಿಕ ಕಾನೂನು ಬಹುತೇಕ ಪೂರ್ತಿ ಅನ್ವಯ. ಇಟಲಿಯಲ್ಲಂತೂ ‘ಬೊಲ್ಕೆಸ್ಟೈನ್’ ಅಂದರೆ ಇವತ್ತಿಗೂ ಕಡಲತೀರದ ಗುತ್ತಿಗೆಯ ಜಗಳ. ತಲೆಮಾರಿನಿಂದ ಬೀಚ್ ನಡೆಸುತ್ತಿರುವ ಕುಟುಂಬಗಳ ಗುತ್ತಿಗೆಯನ್ನು ತಾನಾಗಿಯೇ ಮುಂದುವರಿಸುವಂತಿಲ್ಲ, ಬಹಿರಂಗ ಸ್ಪರ್ಧೆ ನಡೆಸಬೇಕು ಎಂದು ನ್ಯಾಯಾಲಯ 2016ರಲ್ಲೂ 2023ರಲ್ಲೂ ಹೇಳಿದೆ.

ನಮ್ಮವರಿಗೆ ಇದು ಯಾಕೆ?

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ವರ್ಷಗಳಿಂದ ಕೇಳುತ್ತಾ ಬಂದಿರುವುದೂ ಇದನ್ನೇ: ಸೇವೆ ಕೊಡಲು ನಮ್ಮ ಜನ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಹೋಗಲು ಅವಕಾಶ ಕೊಡಿ ಎಂದು. ವಿದೇಶಕ್ಕೆ ಹೊರಟಿರುವ ಯುವಕ ಯುವತಿಯರು ಒಂದು ವ್ಯತ್ಯಾಸ ತಿಳಿದುಕೊಂಡಿರಬೇಕು. ಅಲ್ಲಿನ ಕಂಪೆನಿಯೇ ನೇಮಿಸಿಕೊಳ್ಳುವುದು ಬೇರೆ, ಇಲ್ಲಿನ ಕಂಪೆನಿ ಅಲ್ಲಿಗೆ ಕಳುಹಿಸುವುದು ಬೇರೆ. ಮಾಲೀಕ ಯಾರು, ಸಂಬಳಕ್ಕೆ ಯಾವ ದೇಶದ ಕಾನೂನು, ಸಮಸ್ಯೆ ಬಂದರೆ ದೂರು ಕೊಡುವುದು ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಎರಡರಲ್ಲೂ ಉತ್ತರ ಬೇರೆ ಬೇರೆ ಆಗಬಹುದು. ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.