ಗೊಂಬೆ ಹೆಣೆದ ಕೈಗಳು

ಎರಡು ಮಹಾಯುದ್ಧಗಳ ಪಾಠವನ್ನು ನಾನು ವರ್ಷವರ್ಷವೂ ಮಾಡಿದ್ದೇನೆ. ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಕಪ್ಪುಹಲಗೆಯ ಮೇಲೆ ಮೂರು ಅಂಕಣ ಹಾಕಿ ಬರೆಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಮೂರರಲ್ಲಿ ಯಾವುದಕ್ಕೂ ಸೇರದೆ ಹೊರಗುಳಿದ ಸಂಗತಿಯೊಂದಿದೆ. ಕಷ್ಟಕಾಲದಲ್ಲಿ ಮನೆಯಲ್ಲಿ ಉಳಿದವರು ತಮ್ಮ ಕೈಗಳಿಗೆ ಯಾವ ಕೆಲಸ ಕೊಟ್ಟುಕೊಂಡರು ಎಂಬುದೇ ಅದು. ಇದನ್ನು ನನಗೆ ಮೊದಲು ಕಲಿಸಿದ್ದು ಗ್ರಂಥವಲ್ಲ, ನನ್ನ ತಾಯಿ.

1971ರ ಡಿಸೆಂಬರ್. ನನಗೆ ಆಗ 13 ವರ್ಷ. ಪಾಕಿಸ್ತಾನದೊಡನೆ ಯುದ್ಧ ನಡೆದಿತ್ತು. ನನ್ನ ಸೋದರಮಾವ ಸೇನೆಯಲ್ಲಿದ್ದರು. ಜವಾನರಿಗಾಗಿ ಉಣ್ಣೆಯ ಉಡುಪು ಹೆಣೆದು ಕಳುಹಿಸುವ ರೂಢಿ 1962ರ ಚೀನಾ ಯುದ್ಧದ ದಿನಗಳಲ್ಲೇ ದೇಶದ ಹಲವೆಡೆ ಕಂಡಿತ್ತು. ನಮ್ಮ ಬೀದಿಯ ಹೆಂಗಸರೂ ಮಫ್ಲರು, ಕಾಲುಚೀಲ ಹೆಣೆಯಲು ಕುಳಿತರು. ರೇಡಿಯೋದಲ್ಲಿ ವಾರ್ತೆ ಆರಂಭವಾಯಿತೆಂದರೆ ಅಮ್ಮನ ಕಡ್ಡಿಗಳ ವೇಗ ಹೆಚ್ಚುತ್ತಿತ್ತು. "ಮಾವನ ಕಾಗದ ಬಂತೇನಮ್ಮಾ?" ಎಂದು ಕೇಳಿದರೆ, "ತಾಳು, ಇನ್ನು ನಾಲ್ಕು ಸಾಲು ಮುಗಿಯಲಿ" ಎನ್ನುತ್ತಿದ್ದಳು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ, ಆಕೆ ತನಗೆ ತಾನೇ ಹೇಳಿಕೊಂಡ ಸಮಾಧಾನ ಎಂಬುದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಮಾವ ಸುರಕ್ಷಿತವಾಗಿ ಮರಳಿದರು.

ಮೊದಲ ಮಹಾಯುದ್ಧದಲ್ಲಿ ಕಂದಕಗಳ ಕೆಸರುನೀರಿನಲ್ಲಿ ನಿಂತು ಸೈನಿಕರ ಪಾದಗಳು ಕೊಳೆಯುತ್ತಿದ್ದವು. ಒಣಗಿದ ಕಾಲುಚೀಲಗಳನ್ನು ಮೇಲಿಂದ ಮೇಲೆ ಬದಲಿಸುವುದು ಅದನ್ನು ತಡೆಯುವ ಮುಖ್ಯ ಉಪಾಯವಾಗಿತ್ತು. ಆದ್ದರಿಂದ ಬ್ರಿಟನ್, ಅಮೆರಿಕಗಳಲ್ಲಿ ಶಾಲೆಯ ಮಕ್ಕಳೂ ಕಡ್ಡಿ ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ತಾಯಂದಿರಿಗೆ ಇನ್ನೊಂದು ತೊಡಕು ಎದುರಾಯಿತು. 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂದಿತು. ಹೆಣಿಗೆಯ ಉಣ್ಣೆಗೂ ಕೂಪನ್ ಕೊಡಬೇಕಾಯಿತು. ಕಾರ್ಖಾನೆಗಳು ಯುದ್ಧಸಾಮಗ್ರಿಯ ತಯಾರಿಕೆಗೆ ತಿರುಗಿದ್ದರಿಂದ ಆಟಿಕೆಗಳೂ ವಿರಳವಾದವು. ಆಗ ಅವರು ಹಳೆಯ ಸ್ವೆಟರುಗಳನ್ನು ಬಿಚ್ಚಿ, ದಾರವನ್ನು ತೊಳೆದು, ಸುಕ್ಕು ಹೋಗುವಂತೆ ಒಣಗಿಸಿ, ಮತ್ತೆ ಉಡುಪು ಹೆಣೆದರು. ಮಿಕ್ಕ ತುಂಡುದಾರದಲ್ಲಿ ಮಕ್ಕಳಿಗೆ ಗೊಂಬೆಗಳನ್ನು ಮಾಡಿದರು.

ಕೆನಡಾ ದೇಶದ ಕ್ಯಾರಲ್ ಇಸ್ಫೆಲ್ಡ್ ಎಂಬ ತಾಯಿಯ ಕಥೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಆಕೆಯ ಮಗ ಮಾರ್ಕ್, ಸೇನೆಯ ಎಂಜಿನಿಯರ್ ದಳದವನು. ನೆಲದಲ್ಲಿ ಹುದುಗಿಸಿದ ಬಾಂಬುಗಳನ್ನು ತೆಗೆಯುವುದು ಅವನ ಕೆಲಸ. ಯುಗೊಸ್ಲಾವಿಯಾ ಒಡೆದು ಅಂತರ್ಯುದ್ಧ ಹತ್ತಿಕೊಂಡಾಗ, ಅವನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಡನೆ ಕ್ರೊಯೇಷಿಯಾಕ್ಕೆ ಹೋದನು. ಅಲ್ಲಿ ಹಾಳಾದ ಮನೆಯೊಂದರ ಬಳಿ ಬಿದ್ದಿದ್ದ ಮಗುವಿನ ಗೊಂಬೆಯ ಚಿತ್ರ ಆ ತಾಯಿಯ ಮನಸ್ಸನ್ನು ಕಲಕಿತು. ಆಕೆ ಉಣ್ಣೆದಾರದಲ್ಲಿ ಜೇಬಿಗೆ ಹಿಡಿಸುವಷ್ಟು ಚಿಕ್ಕ ಗೊಂಬೆಗಳನ್ನು ಹೆಣೆದು ಮಗನಿಗೆ ಕಳುಹಿಸತೊಡಗಿದಳು. ಅವನು ಅವನ್ನು ದಾರಿಯಲ್ಲಿ ಕಂಡ ಮಕ್ಕಳಿಗೆ ಹಂಚುತ್ತಿದ್ದನು.

1994ರ ಜೂನ್ 21ರಂದು ನೆಲಬಾಂಬೊಂದು ಸಿಡಿದು ಮಾರ್ಕ್ ಮಡಿದನು. ಅವನಿಗೆ 31 ವರ್ಷ. ಕ್ಯಾರಲ್ ಆಮೇಲೂ ಕಡ್ಡಿಯನ್ನು ಕೆಳಗಿಡಲಿಲ್ಲ. ಮಗನ ಜೊತೆಗಾರರು ಆ ಗೊಂಬೆಗಳನ್ನು ಹಂಚುವ ಕೆಲಸ ಮುಂದುವರಿಸಿದರು. ಗೆಳೆಯನ ಅಡ್ಡಹೆಸರಿನಿಂದ ಅವುಗಳನ್ನು 'ಇಜ್ಜಿ ಗೊಂಬೆ' ಎಂದು ಕರೆದರು. ಕ್ರಮೇಣ ಕೆನಡಾದ ಎಷ್ಟೋ ಅಜ್ಜಿಯರು, ನೆರೆಹೊರೆಯವರು ಹೆಣೆಯಲು ಸೇರಿದರು. ಬಡ ದೇಶಗಳಿಗೆ ಹೋಗುವ ಔಷಧದ ಪೆಟ್ಟಿಗೆಗಳಲ್ಲಿ ಒಳಗಿನ ಸಾಮಾನು ಕುಲುಕದಂತೆ ಕಾಗದದ ಬದಲು ಈ ಗೊಂಬೆಗಳನ್ನು ತುರುಕಿ ಕಳುಹಿಸುವ ಜಾಣ್ಮೆಯೂ ಬಂದಿತು. ಕ್ಯಾರಲ್ 2007ರಲ್ಲಿ ತೀರಿಕೊಂಡಳು. ಆಕೆ ಹಾಕಿಕೊಟ್ಟ ದಾರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗೊಂಬೆಗಳು ಲೋಕದ ಮಕ್ಕಳ ಕೈ ಸೇರಿವೆ. ಆದರೆ ಮಗ ಹೋದ ಮೇಲೆ ಹೆಣೆದ ಮೊದಲ ಗೊಂಬೆ ಯಾವ ಮಗುವಿಗಿಂತಲೂ ಮುಂಚೆ ಆ ತಾಯಿಯನ್ನೇ ಸಂತೈಸಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಮ್ಮ ನೆರೆಯಲ್ಲೂ ಇಂಥದೇ ಒಂದು ಉದಾಹರಣೆಯಿದೆ. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ, ಪುದುಚೇರಿಯ ಬಳಿಯ ಆರೋವಿಲ್‌ನಲ್ಲಿ ಉಮಾ ಪ್ರಜಾಪತಿ ಮತ್ತು ಅವರ 'ಉಪಾಸನಾ' ಸಂಸ್ಥೆಯವರು ಮೀನುಗಾರರ ಹಳ್ಳಿಗಳ ಹೆಂಗಸರಿಗೆ ಚಿಂದಿ ಬಟ್ಟೆಯಲ್ಲಿ ಬೆರಳುದ್ದದ ಗೊಂಬೆ ಮಾಡಲು ಕಲಿಸಿದರು. ಅದರ ಹೆಸರು 'ಸುನಾಮಿಕಾ'. ಅದನ್ನು ಮಾರುವುದಿಲ್ಲ, ಉಡುಗೊರೆಯಾಗಿ ಕೊಡುತ್ತಾರೆ. ಅದು ಹೆಣಿಗೆಯಲ್ಲ, ಹೊಲಿಗೆ. ಆದರೂ ನಡುಗುವ ಕೈಗೆ ಹಿಡಿದುಕೊಳ್ಳಲು ಒಂದು ಕೆಲಸ ಕೊಟ್ಟ ರೀತಿ ಅದೇ.

ಈಗ ನನ್ನ ಮನೆಯ ಮಾತು. 2020ರ ಲಾಕ್‌ಡೌನ್ ಸಮಯದಲ್ಲಿ ಅಮ್ಮನಿಗೆ 85 ವರ್ಷ. ಮರೆವಿನ ರೋಗ ಬಲಿತಿತ್ತು. ಎಂದೋ ತೀರಿಕೊಂಡ ನನ್ನ ತಂದೆಯವರನ್ನು ಗಂಟೆಗೊಮ್ಮೆ ಕೇಳುತ್ತಿದ್ದಳು, ಬಾಗಿಲು ತೆರೆಯಲು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಟ್ರಂಕಿನಲ್ಲಿ ಅವಳ ಹಳೆಯ ಕಡ್ಡಿಗಳು ಸಿಕ್ಕವು. ನನ್ನದೊಂದು ನೀಲಿ ಸ್ವೆಟರನ್ನು ಬಿಚ್ಚಿ ಕಡ್ಡಿಗೆ ಮೊದಲ ಸಾಲು ಏರಿಸಿಕೊಟ್ಟೆ. ನನ್ನ ಹೆಸರನ್ನು ಮರೆತಿದ್ದ ಅವಳ ಕೈಗಳು ಸಾದಾ ಹೆಣಿಗೆಯನ್ನು ಮರೆತಿರಲಿಲ್ಲ. ಅವಳು ಹೆಣೆದ ಪಟ್ಟಿಯನ್ನು ನಾನು ಮಡಿಸಿ, ಅಂಚು ಹೊಲಿದು, ಹತ್ತಿ ತುಂಬಿ, ಕತ್ತಿನ ಜಾಗದಲ್ಲಿ ದಾರ ಪೋಣಿಸಿ ಬಿಗಿದೆ. ಗೊಂಬೆಯಾಯಿತು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಅಮ್ಮ ಅದನ್ನು ನೋಡಿ ನಕ್ಕಳು. ರೋಗವೇನೂ ವಾಸಿಯಾಗಲಿಲ್ಲ. ಆದರೆ ಹೆಣೆಯುವಷ್ಟು ಹೊತ್ತು ಅವಳು ಬಾಗಿಲ ಕಡೆ ನೋಡುತ್ತಿರಲಿಲ್ಲ. ಊಟಕ್ಕೆ ಕರೆದರೆ, "ಇನ್ನು ನಾಲ್ಕು ಸಾಲು" ಎನ್ನುತ್ತಿದ್ದಳು. 2022ರಲ್ಲಿ ಅವಳು ಹೋಗುವ ಹೊತ್ತಿಗೆ ಮನೆಯಲ್ಲಿ 11 ಗೊಂಬೆಗಳಿದ್ದವು. ಹತ್ತನ್ನು ಬಂಧುಗಳ ಮಕ್ಕಳಿಗೆ ಕೊಟ್ಟೆ. ಓರೆಗಣ್ಣಿನದನ್ನು ಇಟ್ಟುಕೊಂಡಿದ್ದೇನೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಬಹಳ ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಡೆಸ್ಕಿನ ಕೆಳಗೆ ಏನನ್ನೋ ಹೆಣೆಯುತ್ತಿದ್ದಳು. ನಾನು ಅದನ್ನು ಕಸಿದು ಮೇಜಿನ ಡ್ರಾಯರಿನಲ್ಲಿಟ್ಟು, ಎಲ್ಲರೆದುರು ಗದರಿಸಿದೆ. ಅವಳ ತಂದೆ ಆಗ ಆಸ್ಪತ್ರೆಯಲ್ಲಿದ್ದರೆಂಬುದು ವಾರ ಕಳೆದ ಮೇಲೆ ತಿಳಿಯಿತು. ಉಣ್ಣೆಯನ್ನು ಹಿಂದಿರುಗಿಸಿದೆ, ಕ್ಷಮೆ ಕೇಳಲಿಲ್ಲ. ಮೇಷ್ಟ್ರಾದವರು ವಿದ್ಯಾರ್ಥಿಯ ಕ್ಷಮೆ ಕೇಳುವ ವಾಡಿಕೆ ಅಂದು ಇರಲಿಲ್ಲ ಎಂಬುದು ನೆಪ ಮಾತ್ರ. ನನ್ನ ತಾಯಿಯ ಕಡ್ಡಿಗಳನ್ನು ಕಂಡು ಬೆಳೆದ ನನಗೆ ಅದು ತಿಳಿಯಬೇಕಾಗಿತ್ತು.

ಅಮ್ಮಾ, ನೀನು ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸು. ಅಂದು ನೀನು ಹೆಣೆಯುತ್ತಿದ್ದುದು ಏನೆಂದು ನಾನು ಕೇಳಲೇ ಇಲ್ಲ. ಇಂದಾದರೂ ಬರೆದು ತಿಳಿಸು.